ಎಷ್ಟಿದೆ ಎಂದಿತು ಡಬ್ಬಿ, ಮುಂದೇನು ಎಂದವರಾರು?

ಒಂದು ಲೆಕ್ಕ ಹಾಕಿ ನೋಡಿ. ಊರಾಚೆ ಒಂದು ದೊಡ್ಡ ಕೆರೆ. ಒಂದು ಕಿಲೋಮೀಟರ್ ಉದ್ದ, ಒಂದು ಕಿಲೋಮೀಟರ್ ಅಗಲ, ಎಲ್ಲ ಕಡೆಯೂ ಒಂದು ಮೀಟರ್ ಆಳ. ಅಂದರೆ ಹತ್ತು ಲಕ್ಷ ಘನ ಮೀಟರ್ ನೀರು. ಲೀಟರಿನ ಲೆಕ್ಕದಲ್ಲಿ ನೂರು ಕೋಟಿ. ಈ ಕೆರೆಗೆ ಯಾರೋ ಒಂದು ಗ್ರಾಂ ಸಕ್ಕರೆ ಹಾಕಿ ಚೆನ್ನಾಗಿ ಕದಡಿದ್ದಾರೆ ಎಂದುಕೊಳ್ಳಿ. ಒಂದು ಲೋಟ ನೀರು ಮೊಗೆದು ನಿಮ್ಮ ಕೈಗಿತ್ತು, ‘ಇದರಲ್ಲಿ ಸಕ್ಕರೆ ಇದೆಯೇ? ಇದ್ದರೆ ಎಷ್ಟಿದೆ?’ ಎಂದು ಕೇಳಿದರೆ ಏನು ಹೇಳುತ್ತೀರಿ?

ನಾಲಿಗೆಗೆ ಗೊತ್ತಾಗುವುದಿಲ್ಲ. ಶಾಲೆಯ ಪ್ರಯೋಗಾಲಯದ ಯಾವ ತಕ್ಕಡಿಗೂ ಗೊತ್ತಾಗುವುದಿಲ್ಲ. ಏಕೆಂದರೆ ಆ ನೀರಿನ ಲಕ್ಷ ಕೋಟಿ ಪಾಲಿನಲ್ಲಿ ಸಕ್ಕರೆಯದು ಒಂದೇ ಒಂದು ಪಾಲು. ಕಾಲದ ಲೆಕ್ಕದಲ್ಲಿ ಹೇಳುವುದಾದರೆ, ಮೂವತ್ತೊಂದು ಸಾವಿರ ವರ್ಷಗಳಿಗೂ ಹೆಚ್ಚಿನ ಅವಧಿಯಲ್ಲಿ ಒಂದು ಸೆಕೆಂಡು!

ಗಾಳಿಯಲ್ಲಿ ಬೆರೆತ ಕೆಲವು ಜಾತಿಯ ವಸ್ತುಗಳನ್ನು ಇಷ್ಟು ಸೂಕ್ಷ್ಮವಾಗಿ ಪತ್ತೆ ಹಚ್ಚುವ ಸಾಧನವೊಂದನ್ನು 1957ರಲ್ಲಿ ಇಂಗ್ಲೆಂಡಿನ ವಿಜ್ಞಾನಿಯೊಬ್ಬರು ರೂಪಿಸಿದರು. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಲೋಹದ ಡಬ್ಬಿ ಅದು. ಹೆಸರು ‘ಎಲೆಕ್ಟ್ರಾನ್ ಕ್ಯಾಪ್ಚರ್ ಡಿಟೆಕ್ಟರ್’, ಎಂದರೆ ಎಲೆಕ್ಟ್ರಾನ್ ಸೆರೆಹಿಡಿಯುವ ಪತ್ತೆಸಾಧನ. ಪರಮಾಣು ವಿಜ್ಞಾನ ಎಂದೊಡನೆ ನಮಗೆ ಬಾಂಬು ನೆನಪಾಗುತ್ತದೆ, ಇಲ್ಲವೇ ವಿದ್ಯುತ್ ಸ್ಥಾವರ. ಅದೇ ವಿಜ್ಞಾನದ ಒಂದು ಚಿಟಿಕೆಯನ್ನು ಬಳಸಿಕೊಂಡ ಈ ಡಬ್ಬಿ ಸದ್ದುಗದ್ದಲವಿಲ್ಲದೆ ಜಗತ್ತಿನ ಕಣ್ಣು ತೆರೆಸಿತು. ಆದರೆ ಈ ಕಥೆಯಲ್ಲೊಂದು ಸ್ವಾರಸ್ಯವಿದೆ. ಡಬ್ಬಿ ಹೇಳಿದ ಅಂಕಿಯ ಅರ್ಥ ಅದನ್ನು ಮಾಡಿದವರಿಗೇ ಮೊದಲು ಹೊಳೆಯಲಿಲ್ಲ. ಆ ಅರ್ಥವನ್ನು ಕಂಡವರು ಬೇರೆ.

ಎರಡು ತಂತಿ ಏಕೆ?

ಆ ವಿಜ್ಞಾನಿ ಜೇಮ್ಸ್ ಲವ್‌ಲಾಕ್. ಹುಟ್ಟಿದ್ದು 1919ರ ಜುಲೈ 26ರಂದು, ಲಂಡನ್ನಿಗೆ ಉತ್ತರದ ಲೆಚ್‌ವರ್ತ್ ಎಂಬ ಊರಿನಲ್ಲಿ. ಬೆಳೆದದ್ದು ಲಂಡನ್ನಿನ ಬ್ರಿಕ್ಸ್‌ಟನ್ ಬಡಾವಣೆಯಲ್ಲಿ. ಉಳ್ಳವರ ಮನೆಯೇನಲ್ಲ. ನಾಲ್ಕು ವರ್ಷದವನಿದ್ದಾಗ ಕ್ರಿಸ್‌ಮಸ್ ಹಬ್ಬಕ್ಕೆಂದು ಅಪ್ಪ ಒಂದು ಮರದ ಪೆಟ್ಟಿಗೆ ತಂದುಕೊಟ್ಟರು. ಅದರ ತುಂಬ ತಂತಿ, ಗಂಟೆ, ಬಲ್ಬುಗಳಂಥ ವಿದ್ಯುತ್ ಸಾಮಾನು. ಹುಡುಗ ಅವನ್ನು ಜೋಡಿಸುತ್ತ ಕುಳಿತ. ಒಂದು ಪ್ರಶ್ನೆ ಹುಟ್ಟಿತು: ‘ನೀರಿಗೆ ಒಂದು ಕೊಳವೆ ಸಾಕು, ಗ್ಯಾಸಿಗೂ ಒಂದೇ ಸಾಕು. ಕರೆಂಟಿಗೆ ಮಾತ್ರ ಎರಡು ತಂತಿ ಏಕೆ ಬೇಕು?’

ಮನೆಯ ದೊಡ್ಡವರಿಗೆ ಉತ್ತರ ಗೊತ್ತಿರಲಿಲ್ಲ. ಉತ್ತರಕ್ಕಾಗಿ ತಾನೇ ಪುಸ್ತಕಗಳತ್ತ ತಿರುಗಬೇಕಾಯಿತು ಎಂದು ಲವ್‌ಲಾಕ್ ಮುಂದೆ ಹೇಳಿಕೊಂಡಿದ್ದಾರೆ. ಶಾಲೆ ಆ ಹುಡುಗನಿಗೆ ಅಷ್ಟಾಗಿ ಹಿಡಿಸಲಿಲ್ಲ. ಬ್ರಿಕ್ಸ್‌ಟನ್ನಿನ ಸಾರ್ವಜನಿಕ ಗ್ರಂಥಾಲಯ ಹಿಡಿಸಿತು. ವಿಜ್ಞಾನದ ಹುಚ್ಚು ಹತ್ತಿದ್ದು ಅಲ್ಲೇ.

ಅಂದಹಾಗೆ, ಆ ಪ್ರಶ್ನೆಗೆ ಉತ್ತರವನ್ನು ನೀವು ಯೋಚಿಸಿದ್ದೀರಾ? ನೀರು ಬಳಕೆಯಾಗಿ ಬಚ್ಚಲಿಗೆ ಹೋಗುತ್ತದೆ, ಗ್ಯಾಸು ಉರಿದು ಗಾಳಿಗೆ ಸೇರುತ್ತದೆ. ತಂತಿಯಲ್ಲಿರುವ ಎಲೆಕ್ಟ್ರಾನ್‌ಗಳು ಮಾತ್ರ ಖರ್ಚಾಗುವುದಿಲ್ಲ. ಸುತ್ತು ಪೂರ್ಣವಾಗಿದ್ದರಷ್ಟೇ ಅವು ಹರಿಯುತ್ತವೆ. ಹೋಗಲು ಒಂದು ದಾರಿ, ಮರಳಲು ಇನ್ನೊಂದು. ನಾಲ್ಕು ವರ್ಷದ ಮಗು ಕೇಳಿದ ಈ ಪ್ರಶ್ನೆಗೆ ಹತ್ತನೇ ತರಗತಿಯ ಪಾಠ ಬೇಕು.

ನೆಗಡಿಯಿಂದ ಶುರುವಾದದ್ದು

ಲವ್‌ಲಾಕ್ 1941ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರದ ಪದವಿ ಮುಗಿಸಿ, ಲಂಡನ್ನಿನ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದರು. ಯುದ್ಧದ ನಂತರ ಸಾಲ್ಸ್‌ಬರಿಯಲ್ಲಿದ್ದ ನೆಗಡಿ ಸಂಶೋಧನಾ ಕೇಂದ್ರದಲ್ಲಿ ಕೆಲವು ಕಾಲ ದುಡಿದರು. ‘ಥಂಡಿ ಗಾಳಿಗೆ ಮೈಯೊಡ್ಡಬೇಡ, ನೆಗಡಿಯಾದೀತು’ ಎಂದು ಅಮ್ಮಂದಿರು ಎಲ್ಲ ದೇಶಗಳಲ್ಲೂ ಹೇಳುತ್ತಾರಲ್ಲವೇ? ಅದು ನಿಜವೇ ಎಂದು ಪರೀಕ್ಷಿಸಬೇಕಿತ್ತು. ಅದಕ್ಕೆ ಮೊದಲು ಕೋಣೆಯೊಳಗೆ ಸುಳಿಯುವ ಅತಿ ಮೆಲ್ಲನೆಯ ಗಾಳಿಯನ್ನು ಅಳೆಯಬೇಕಿತ್ತು. ಅಂಥ ಮಾಪಕ ಅಂಗಡಿಯಲ್ಲಿ ಸಿಗುವ ವಸ್ತುವಾಗಿರಲಿಲ್ಲ.

ಲವ್‌ಲಾಕ್ ತಾವೇ ಮಾಡಿಕೊಂಡರು. ಯುದ್ಧಕಾಲದ ವಿಮಾನಗಳ ಹಳೆಯ ಮಾಪಕಗಳ ಮೇಲೆ ಕತ್ತಲೆಯಲ್ಲಿ ಹೊಳೆಯುವ ಬಣ್ಣ ಬಳಿದಿರುತ್ತಿತ್ತು. ಅದರಲ್ಲಿ ರೇಡಿಯಂ ಇತ್ತು. ರೇಡಿಯಂನಿಂದ ಹೊಮ್ಮುವ ವಿಕಿರಣ ಗಾಳಿಯ ಅಣುಗಳಿಗೆ ಬಡಿದು ಅವುಗಳಿಂದ ಎಲೆಕ್ಟ್ರಾನ್‌ಗಳನ್ನು ಕಳಚುತ್ತದೆ. ಎಲೆಕ್ಟ್ರಾನ್ ಕಳೆದುಕೊಂಡ ಅಣು ಧನ ಅಯಾನು ಆಗುತ್ತದೆ. ಈ ಅಯಾನುಗಳು ಗಾಳಿಯ ಸುಳಿಗೆ ತೇಲುವುದನ್ನು ವಿದ್ಯುತ್ತಿನ ಮೂಲಕ ಅಳೆದರೆ ಗಾಳಿಯ ವೇಗ ಸಿಗುತ್ತದೆ.

ಉಪಾಯವೇನೋ ಚೆನ್ನಾಗಿತ್ತು. ಆದರೆ ಹತ್ತಿರದಲ್ಲಿ ಯಾರಾದರೂ ಸಿಗರೇಟು ಹಚ್ಚಿದರೆ ಸಾಕು, ಮುಳ್ಳು ತಪ್ಪುತ್ತಿತ್ತು. ಕ್ಲೋರಿನ್ ಮುಂತಾದ ಧಾತುಗಳಿರುವ ಕೆಲವು ಆವಿಗಳು ಸೋಕಿದರೂ ಅಷ್ಟೇ. ಗಾಳಿಯ ವೇಗ ಅಳೆಯುವವರಿಗೆ ಇದು ಪೀಡೆ. ಆದರೆ ಈ ಪೀಡೆಯನ್ನು ಲವ್‌ಲಾಕ್ ಮರೆಯಲಿಲ್ಲ.

ಕೆಲವು ವರ್ಷಗಳ ನಂತರ ಜೀವಕೋಶಗಳ ಪೊರೆಯಲ್ಲಿರುವ ಕೊಬ್ಬಿನ ಆಮ್ಲಗಳನ್ನು ಅವರು ವಿಶ್ಲೇಷಿಸಬೇಕಾಯಿತು. ಅದೇ ಸಂಸ್ಥೆಯಲ್ಲಿ ಆರ್ಚರ್ ಮಾರ್ಟಿನ್ ಇದ್ದರು. 1952ರಲ್ಲಿ ರಿಚರ್ಡ್ ಸಿಂಜ್ ಅವರೊಡನೆ ನೊಬೆಲ್ ಪ್ರಶಸ್ತಿ ಪಡೆದವರು. ಮಾರ್ಟಿನ್ ಮತ್ತು ಆಂಥೊನಿ ಜೇಮ್ಸ್ ಸೇರಿ ಅನಿಲ ಕ್ರೊಮಟೋಗ್ರಫಿ ಎಂಬ ವಿಧಾನವನ್ನು ರೂಪಿಸಿದ್ದರು. ಮಿಶ್ರಣವೊಂದನ್ನು ಆವಿ ಮಾಡಿ ಉದ್ದನೆಯ ಕೊಳವೆಯಲ್ಲಿ ಹರಿಯಬಿಟ್ಟರೆ ಅದರ ಘಟಕಗಳು ಬೇರೆ ಬೇರೆ ವೇಗದಲ್ಲಿ ಸಾಗಿ, ಓಟದ ಪಂದ್ಯದ ಮಕ್ಕಳಂತೆ ಒಂದರ ಹಿಂದೆ ಒಂದು ಹೊರಬರುತ್ತವೆ. ಕೊಳವೆಯ ತುದಿಯಲ್ಲಿ ನಿಂತು ‘ಈಗ ಬಂದದ್ದು ಎಷ್ಟು’ ಎಂದು ಎಣಿಸಲು ಒಬ್ಬ ಕಾವಲುಗಾರ ಬೇಕು. ಅವನೇ ಡಿಟೆಕ್ಟರ್.

ಲವ್‌ಲಾಕ್ ಕೊಂಡುಹೋದ ಮಾದರಿ ಆಗಿನ ಡಿಟೆಕ್ಟರಿಗೆ ತೀರಾ ಕಡಿಮೆಯಾಯಿತು. ‘ಇನ್ನಷ್ಟು ತನ್ನಿ, ಇಲ್ಲವೇ ಇದಕ್ಕಿಂತ ಸೂಕ್ಷ್ಮವಾದ ಡಿಟೆಕ್ಟರ್ ನೀವೇ ಮಾಡಿಕೊಳ್ಳಿ’ ಎಂಬ ಅರ್ಥದ ಉತ್ತರ ಬಂತು. ಲವ್‌ಲಾಕ್ ಎರಡನೆಯದನ್ನು ಆರಿಸಿಕೊಂಡರು. ಹಳೆಯ ಗಾಳಿ ಮಾಪಕದ ಪೀಡೆ ನೆನಪಾಯಿತು. ಮೊದಲು ಆರ್ಗಾನ್ ಅನಿಲದ ಡಿಟೆಕ್ಟರ್, ಅದರ ಬೆನ್ನಲ್ಲೇ 1957ರಲ್ಲಿ ಎಲೆಕ್ಟ್ರಾನ್ ಕ್ಯಾಪ್ಚರ್ ಡಿಟೆಕ್ಟರ್ ಹುಟ್ಟಿತು. ಒಂದು ಮಾಪಕದ ದೋಷ ಇನ್ನೊಂದರ ಗುಣವಾಯಿತು.

ಡಬ್ಬಿಯೊಳಗೆ ಏನಾಗುತ್ತದೆ?

ಡಬ್ಬಿಯ ಒಳಗೋಡೆಗೆ ವಿಕಿರಣಶೀಲ ವಸ್ತುವಿನ ತೆಳುವಾದ ಲೇಪನವಿರುತ್ತದೆ. ಮೊದಲು ಟ್ರಿಟಿಯಂ ಬಳಸುತ್ತಿದ್ದರು. ಇದು ಹೈಡ್ರೊಜನ್ನಿನ ಭಾರವಾದ ಅಣ್ಣ. ನಂತರ ನಿಕಲ್-63 ಹೆಚ್ಚು ಬಳಕೆಗೆ ಬಂತು. ಇವೆರಡರ ಪರಮಾಣು ಬೀಜಗಳೂ ಸ್ಥಿರವಲ್ಲ. ಒಳಗಿನ ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿ ಬದಲಾಗುವಾಗ ಒಂದು ವೇಗದ ಎಲೆಕ್ಟ್ರಾನ್ ಹೊರಚಿಮ್ಮುತ್ತದೆ. ಇದೇ ಬೀಟಾ ಕಣ. ಇದಕ್ಕೆ ಬ್ಯಾಟರಿ ಬೇಡ, ಸ್ವಿಚ್ಚು ಬೇಡ. ನಿಕಲ್-63ರ ಅರ್ಧಾಯು ಸುಮಾರು 100 ವರ್ಷ. ಅಂದರೆ ಈ ಡಬ್ಬಿಯಲ್ಲಿನ ಬೀಟಾ ಕಣಗಳ ಪ್ರಮಾಣ ಅರ್ಧಕ್ಕಿಳಿಯಲು ಒಂದು ಶತಮಾನ ಬೇಕು.

ಡಬ್ಬಿಯೊಳಗೆ ಸಾರಜನಕದಂಥ ಅನಿಲ ಸದಾ ಹರಿಯುತ್ತಿರುತ್ತದೆ. ಒಂದೊಂದು ಬೀಟಾ ಕಣವೂ ದಾರಿಯಲ್ಲಿ ನೂರಾರು ಅನಿಲ ಅಣುಗಳಿಗೆ ಬಡಿದು ಅವುಗಳಿಂದ ಎಲೆಕ್ಟ್ರಾನ್‌ಗಳನ್ನು ಬಿಡಿಸುತ್ತದೆ. ಹೀಗೆ ಬಿಡುಗಡೆಯಾದ ನಿಧಾನಗತಿಯ ಎಲೆಕ್ಟ್ರಾನ್‌ಗಳನ್ನು ಧನಾವೇಶದ ತಗಡು ಸೆಳೆದುಕೊಳ್ಳುತ್ತದೆ. ಸಣ್ಣದಾದರೂ ಸ್ಥಿರವಾದ ವಿದ್ಯುತ್ತು ಹರಿಯುತ್ತಿರುತ್ತದೆ.

ಈಗ ಒಂದು ಆಟದ ಮೈದಾನ ಕಲ್ಪಿಸಿಕೊಳ್ಳಿ. ಮಕ್ಕಳು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಓಡುತ್ತಲೇ ಇದ್ದಾರೆ. ನಿಮಿಷಕ್ಕೆ ನೂರು ಮಕ್ಕಳು ಆ ಗೋಡೆ ಮುಟ್ಟುತ್ತಾರೆ. ಇದ್ದಕ್ಕಿದ್ದಂತೆ ಎಣಿಕೆ ತೊಂಬತ್ತೇಳಕ್ಕೆ ಇಳಿಯಿತು. ಮೈದಾನದಲ್ಲಿ ನಡುನಡುವೆ ನಿಂತ ಮೂವರು ಅಜ್ಜಂದಿರು ಒಂದೊಂದು ಮಗುವಿನ ಕೈ ಹಿಡಿದು ನಿಲ್ಲಿಸಿಕೊಂಡಿದ್ದಾರೆ! ನಿಮಗೆ ಅಜ್ಜಂದಿರು ಕಾಣದಿದ್ದರೂ ಚಿಂತೆಯಿಲ್ಲ. ಮುಟ್ಟದೆ ಹೋದ ಮಕ್ಕಳನ್ನು ಎಣಿಸಿದರೆ ಅಜ್ಜಂದಿರ ಲೆಕ್ಕ ಸಿಕ್ಕಿತು.

ಕ್ಲೋರಿನ್, ಫ್ಲೋರಿನ್, ಬ್ರೋಮಿನ್‌ಗಳಿರುವ ಅನೇಕ ಅಣುಗಳು ಈ ಅಜ್ಜಂದಿರಂತೆ. ಎಲೆಕ್ಟ್ರಾನ್ ಸಿಕ್ಕರೆ ಬಿಡುವುದಿಲ್ಲ. ಎಲೆಕ್ಟ್ರಾನ್ ಹಿಡಿದ ಅಣು ಭಾರವಾದ ಋಣ ಅಯಾನು ಆಗಿ ತೆವಳುತ್ತದೆ. ತಗಡು ಮುಟ್ಟುವ ಮೊದಲೇ ಧನ ಅಯಾನಿಗೆ ಸಿಕ್ಕಿ ಆವೇಶ ಕಳೆದುಕೊಳ್ಳುತ್ತದೆ. ವಿದ್ಯುತ್ ಪ್ರವಾಹ ಅಷ್ಟರಮಟ್ಟಿಗೆ ಇಳಿಯುತ್ತದೆ. ಎಷ್ಟು ಇಳಿಯಿತೋ ಅದೇ ಅಳತೆ. ಕೊಬ್ಬು, ಎಣ್ಣೆ, ಪೆಟ್ರೋಲಿನ ಬಹುತೇಕ ಅಣುಗಳಿಗೆ ಈ ಚಪಲವಿಲ್ಲ. ಆದ್ದರಿಂದ ಅವು ಎಷ್ಟೇ ಇದ್ದರೂ ಡಬ್ಬಿ ಅವುಗಳತ್ತ ಬಹುಮಟ್ಟಿಗೆ ಕಣ್ಣೆತ್ತಿಯೂ ನೋಡುವುದಿಲ್ಲ.

ಇದೇ ತತ್ವದ ದಾಯಾದಿಯೊಂದು ಅನೇಕ ದೇಶಗಳ ಮನೆಗಳ ಚಾವಣಿಯಲ್ಲಿದೆ. ಅದು ಹೊಗೆ ಎಚ್ಚರಿಕೆಯ ಗಂಟೆ. ಅದರ ಒಂದು ಬಗೆಯಲ್ಲಿ ಅಮೆರಿಸಿಯಂ-241ರ ಅತ್ಯಲ್ಪ ಚೂರು ಗಾಳಿಯನ್ನು ಅಯಾನುಗೊಳಿಸಿ ಸಣ್ಣ ಪ್ರವಾಹವನ್ನು ಹರಿಸುತ್ತಿರುತ್ತದೆ. ಹೊಗೆಯ ಕಣಗಳು ಒಳಬಂದು ಅಯಾನುಗಳನ್ನು ಹಿಡಿದರೆ ಪ್ರವಾಹ ಕುಸಿಯುತ್ತದೆ, ಗಂಟೆ ಬಾರಿಸುತ್ತದೆ. ಲವ್‌ಲಾಕ್‌ಗೆ ಕಾಟ ಕೊಟ್ಟ ಸಿಗರೇಟು ಹೊಗೆಯ ಗುಣವೇ ಇಲ್ಲಿ ಮನೆ ಕಾಯುತ್ತದೆ.

ಕೀಟನಾಶಕದ ಜಾಡು

ಹೊಸ ಡಬ್ಬಿಗೆ ಕೂಡಲೇ ಕೆಲಸ ಸಿಕ್ಕಿತು. ಎರಡನೆಯ ಮಹಾಯುದ್ಧದ ನಂತರ ಜಗತ್ತಿನ ತುಂಬ ಡಿಡಿಟಿ ಸಿಂಪಡಿಸಲಾಗುತ್ತಿತ್ತು. ಅದರ ಕೀಟನಾಶಕ ಶಕ್ತಿಯನ್ನು ಕಂಡುಹಿಡಿದ ಪಾಲ್ ಮುಲ್ಲರ್‌ಗೆ 1948ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂದಿತ್ತು. ಮಲೇರಿಯಾ ಸೊಳ್ಳೆಗಳನ್ನು ಕೊಂದು ಲಕ್ಷಾಂತರ ಜೀವ ಉಳಿಸಿದ ಪುಡಿ ಅದು. ಡಿಡಿಟಿ ಅಣುವಿನಲ್ಲಿ ಐದು ಕ್ಲೋರಿನ್ ಪರಮಾಣುಗಳಿವೆ. ಲವ್‌ಲಾಕರ ಡಬ್ಬಿಗೆ ಅದು ದೂರದಿಂದಲೇ ಕಾಣುವ ದೀಪದಂತೆ.

ಅಮೆರಿಕದ ಲೇಖಕಿ ರೇಚಲ್ ಕಾರ್ಸನ್ 1962ರಲ್ಲಿ ‘ಸೈಲೆಂಟ್ ಸ್ಪ್ರಿಂಗ್’ ಪುಸ್ತಕ ಬರೆದು, ಹೊಲಕ್ಕೆ ಹೊಡೆದ ಈ ವಿಷ ಹೊಲದಲ್ಲೇ ಉಳಿಯುವುದಿಲ್ಲ ಎಂದು ಎಚ್ಚರಿಸಿದರು. ಆ ದಶಕದಲ್ಲಿ ಪ್ರಯೋಗಾಲಯಗಳು ಈ ಹೊಸ ಡಿಟೆಕ್ಟರನ್ನು ಹಿಡಿದು ಹುಡುಕಿದಲ್ಲೆಲ್ಲ ಕೀಟನಾಶಕದ ಜಾಡು ಕಂಡಿತು. ತಾಯಿಯ ಹಾಲಿನಲ್ಲಿ ಕಂಡಿತು. ಯಾರೂ ಬೇಸಾಯ ಮಾಡದ ಅಂಟಾರ್ಕ್‌ಟಿಕದ ಪೆಂಗ್ವಿನ್‌ಗಳ ಕೊಬ್ಬಿನಲ್ಲೂ ಕಂಡಿತು.

ಕನ್ನಡ ನಾಡಿನವರಿಗೆ ಈ ವಿಷಯ ದೂರದ್ದಲ್ಲ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ಆಕಾಶದಿಂದ ಸಿಂಪಡಿಸಿದ ಎಂಡೋಸಲ್ಫಾನಿನ ಹೆಸರನ್ನು ಅಲ್ಲಿನ ಹಳ್ಳಿಗಳು ಮರೆಯಲಾರವು. ಆ ಅಣುವಿನಲ್ಲಿ ಆರು ಕ್ಲೋರಿನ್ ಪರಮಾಣುಗಳಿವೆ. ಕರ್ನಾಟಕ ಸರ್ಕಾರ 2011ರ ಫೆಬ್ರವರಿಯಲ್ಲಿ ಅದರ ಬಳಕೆಯನ್ನು ತಡೆಯಿತು. ಅದೇ ವರ್ಷದ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆಯಾಜ್ಞೆ ನೀಡಿತು. ತರಕಾರಿ, ಹಣ್ಣು, ನೀರಿನಲ್ಲಿ ಇಂಥ ವಿಷದ ಶೇಷವಿದೆಯೇ ಎಂದು ನೋಡುವ ಪ್ರಯೋಗಾಲಯಗಳು ದಶಕಗಳ ಕಾಲ ನೆಚ್ಚಿಕೊಂಡದ್ದು ಈ ಡಬ್ಬಿಯನ್ನೇ.

ಹಡಗು ಹತ್ತಿದ ವಿಜ್ಞಾನಿ

ಲವ್‌ಲಾಕ್ 1960ರ ದಶಕದಲ್ಲಿ ಸಂಸ್ಥೆಯ ನೌಕರಿ ಬಿಟ್ಟು ಸ್ವತಂತ್ರ ವಿಜ್ಞಾನಿಯಾದರು. ಇಂಗ್ಲೆಂಡಿನ ಬೌವರ್‌ಚಾಕ್ ಎಂಬ ಹಳ್ಳಿಯ ಮನೆಯೇ ಅವರ ಪ್ರಯೋಗಶಾಲೆ. ಐರ್ಲೆಂಡಿನ ಪಶ್ಚಿಮ ಕರಾವಳಿಯ ಆಡ್ರಿಗೋಲ್‌ನಲ್ಲಿ ಅವರಿಗೊಂದು ಕುಟೀರವಿತ್ತು. ಅಲ್ಲಿ ಬೇಸಿಗೆಯ ಕೆಲವು ದಿನ ಬೆಟ್ಟಗಳು ಮಸುಕಾಗುತ್ತಿದ್ದವು. ಈ ಮಸುಕು ಪ್ರಕೃತಿಯದೇ, ಇಲ್ಲ ಯುರೋಪಿನ ನಗರಗಳಿಂದ ತೇಲಿ ಬಂದ ಹೊಗೆಯೇ?

ಇದನ್ನು ತಿಳಿಯಲು ಅವರು ಒಂದು ಜಾಣತನದ ದಾರಿ ಹಿಡಿದರು. ಮನುಷ್ಯನಲ್ಲದೆ ಬೇರೆ ಯಾರೂ ತಯಾರಿಸದ ಒಂದು ಅನಿಲವನ್ನು ಗಾಳಿಯಲ್ಲಿ ಹುಡುಕಿದರು. ಅದು ಕ್ಲೋರೋಫ್ಲೋರೋ ಕಾರ್ಬನ್, ಚಿಕ್ಕದಾಗಿ ಸಿಎಫ್‌ಸಿ. ಮಸುಕಿನ ದಿನಗಳಲ್ಲಿ ಅದು ಹೆಚ್ಚಿದ್ದರೆ ಮಸುಕೂ ಮನುಷ್ಯನದೇ. ಹಾಗೆಯೇ ಆಯಿತು. ಆದರೆ ಅಟ್ಲಾಂಟಿಕ್ ಸಾಗರದ ಮೇಲಿಂದ ಬೀಸಿಬಂದ ನಿರ್ಮಲ ಗಾಳಿಯಲ್ಲೂ ಸಿಎಫ್‌ಸಿ ಇತ್ತು! ಸಾವಿರಾರು ಮೈಲಿ ನೀರಿನ ಮೇಲೆ ಬಂದ ಗಾಳಿಗೆ ಇದೆಲ್ಲಿಂದ ಬಂತು?

ಸಮುದ್ರದ ಮೇಲೆ ಹೋಗಿ ಅಳೆಯಲು ಹಣ ಕೊಡಿ ಎಂದು ಅವರು ಸಲ್ಲಿಸಿದ ಅರ್ಜಿ ತಿರಸ್ಕೃತವಾಯಿತು. ಲವ್‌ಲಾಕ್ ಸುಮ್ಮನಾಗಲಿಲ್ಲ. ಮನೆಯಲ್ಲೇ ಜೋಡಿಸಿದ ಉಪಕರಣದೊಡನೆ, ಕೈಯಿಂದಲೇ ಖರ್ಚು ಹಾಕಿಕೊಂಡು, 1971ರ ಕೊನೆಯಲ್ಲಿ ‘ಷ್ಯಾಕಲ್ಟನ್’ ಎಂಬ ಸಂಶೋಧನಾ ಹಡಗು ಹತ್ತಿದರು. ಬ್ರಿಟನ್ನಿನಿಂದ ಅಂಟಾರ್ಕ್‌ಟಿಕದತ್ತ ಹೊರಟಿದ್ದ ಆ ಹಡಗಿನಲ್ಲಿ ದಾರಿಯುದ್ದಕ್ಕೂ ಗಾಳಿಯ ಅಳತೆ ನಡೆಯಿತು. ಉತ್ತರ ಗೋಳದಲ್ಲಿ ಸ್ವಲ್ಪ ಹೆಚ್ಚು, ದಕ್ಷಿಣದಲ್ಲಿ ಸ್ವಲ್ಪ ಕಡಿಮೆ. ಆದರೆ ಸಿಎಫ್‌ಸಿ ಇಲ್ಲದ ಗಾಳಿಯೇ ಸಿಗಲಿಲ್ಲ. ಲಕ್ಷ ಕೋಟಿ ಪಾಲಿನಲ್ಲಿ ನೂರಕ್ಕೂ ಕಡಿಮೆ ಪಾಲು, ನಿಜ. ಹನಿ ಹನಿ ಕೂಡಿದರೆ ಹಳ್ಳ ಎನ್ನುವಂತೆ ಇಡೀ ವಾಯುಮಂಡಲದ ಲೆಕ್ಕ ಕೂಡಿದಾಗ, ಅಲ್ಲಿಯವರೆಗೆ ತಯಾರಾದ ಸಿಎಫ್‌ಸಿಯ ಬಹುಪಾಲು ಹಾಗೆಯೇ ಗಾಳಿಯಲ್ಲಿ ಉಳಿದಿದೆ ಎಂಬುದು ಸ್ಪಷ್ಟವಾಯಿತು.

ಈ ಫಲಿತಾಂಶ 1973ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಈ ಅನಿಲಗಳಿಂದ ಊಹಿಸಬಹುದಾದ ಯಾವ ಅಪಾಯವೂ ಇಲ್ಲ ಎಂಬ ಮಾತೂ ಅದರಲ್ಲಿತ್ತು. ಇಷ್ಟು ಕಡಿಮೆ ಪ್ರಮಾಣ ಉಸಿರಾಡುವವರಿಗೆ ವಿಷವಲ್ಲ ಎಂಬುದು ಲವ್‌ಲಾಕರ ಆಶಯ. ಹಾಗೆ ಬರೆದದ್ದು ದೊಡ್ಡ ಎಡವಟ್ಟು ಎಂದು ಅವರೇ ನಂತರ ಒಪ್ಪಿಕೊಂಡರು.

ಅವರನ್ನು ದೂರುವುದು ಸುಲಭ. ಆದರೆ ಆ ಕಾಲಕ್ಕೆ ಸಿಎಫ್‌ಸಿ ಎಂದರೆ ನಿರುಪದ್ರವಿ ಎಂದೇ ಹೆಸರು. ಅದನ್ನು ಬಳಕೆಗೆ ತಂದ ಅಮೆರಿಕದ ಥಾಮಸ್ ಮಿಡ್‌ಗ್ಲೆ 1930ರಲ್ಲಿ ರಸಾಯನ ವಿಜ್ಞಾನಿಗಳ ಸಭೆಯಲ್ಲಿ ಆ ಅನಿಲವನ್ನು ಎದೆತುಂಬ ಎಳೆದುಕೊಂಡು, ಉಸಿರು ಬಿಟ್ಟು ಮೇಣದ ಬತ್ತಿ ಆರಿಸಿ ತೋರಿಸಿದ್ದರು. ವಿಷವೂ ಅಲ್ಲ, ಬೆಂಕಿಯೂ ಹತ್ತುವುದಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಅದಕ್ಕೆ ಮೊದಲು ಫ್ರಿಜ್‌ಗಳಲ್ಲಿ ಅಮೋನಿಯಾ, ಗಂಧಕದ ಡೈಆಕ್ಸೈಡಿನಂಥ ವಿಷಾನಿಲಗಳಿದ್ದವು. ಸಿಎಫ್‌ಸಿ ಬಂದದ್ದೇ ವರವಾಯಿತು. ಫ್ರಿಜ್, ಏರ್ ಕಂಡೀಷನರ್, ಸುಗಂಧ ಸಿಂಪಡಿಸುವ ಡಬ್ಬಿ, ಫೋಮ್ ಹಾಸಿಗೆ, ಎಲ್ಲದರಲ್ಲೂ ಅದೇ.

‘ಆಮೇಲೆ ಅದೆಲ್ಲಿಗೆ ಹೋಗುತ್ತದೆ?’

ಲವ್‌ಲಾಕರ ಅಳತೆಯ ಸುದ್ದಿ 1972ರ ಜನವರಿಯಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ನಡೆದ ಒಂದು ಸಭೆಯಲ್ಲಿ ಷೆರ್ವುಡ್ ರೋಲೆಂಡ್ ಅವರ ಕಿವಿಗೆ ಬಿತ್ತು. ರೋಲೆಂಡ್ ಹವಾಮಾನದ ಪಂಡಿತರಲ್ಲ; ವಿಕಿರಣ ರಸಾಯನ ವಿಜ್ಞಾನಿ. ವಿಕಿರಣಶೀಲ ಪರಮಾಣುಗಳು ಯಾವ ಅಣುವಿನೊಡನೆ ಹೇಗೆ ಕೂಡುತ್ತವೆ ಎಂದು ಅಭ್ಯಾಸ ಮಾಡಿದವರು. ಅವರ ಸಂಶೋಧನೆಗೆ ಹಣ ಬರುತ್ತಿದ್ದುದೂ ಅಮೆರಿಕದ ಪರಮಾಣು ಶಕ್ತಿ ಆಯೋಗದಿಂದ. ಅಂಕಿ ಕೇಳಿದ ಅವರಿಗೆ ಒಂದು ಸರಳ ಪ್ರಶ್ನೆ ಎದ್ದಿತು: ಯಾವುದರ ಜೊತೆಗೂ ವರ್ತಿಸದ ಈ ಅಣು ಕೊನೆಗೆ ಎಲ್ಲಿಗೆ ಹೋಗುತ್ತದೆ?

ಮೆಕ್ಸಿಕೋದಿಂದ ಬಂದ ಮೂವತ್ತರ ತರುಣ ಮಾರಿಯೋ ಮೊಲಿನಾ 1973ರ ಅಕ್ಟೋಬರಿನಲ್ಲಿ ರೋಲೆಂಡರ ಪ್ರಯೋಗಾಲಯ ಸೇರಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಇಬ್ಬರೂ ಒಂದೊಂದೇ ದಾರಿಯನ್ನು ಪರಿಶೀಲಿಸಿದರು. ಮಳೆ ತೊಳೆಯುತ್ತದೆಯೇ? ಇಲ್ಲ, ಅದು ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಬಿಸಿಲು ಒಡೆಯುತ್ತದೆಯೇ? ನೆಲದ ಹತ್ತಿರದ ಬಿಸಿಲಿಗೆ ಆ ಶಕ್ತಿಯಿಲ್ಲ. ಉಳಿದದ್ದು ಒಂದೇ ದಾರಿ: ಮೇಲಕ್ಕೆ. ದಶಕಗಳ ಕಾಲ ತೇಲಿ ತೇಲಿ ಅಣು ಸ್ತರಗೋಳವನ್ನು ಸೇರುತ್ತದೆ. ಅಲ್ಲಿ ಸೂರ್ಯನ ತೀಕ್ಷ್ಣವಾದ ಅತಿನೇರಳೆ ಕಿರಣ ಅದನ್ನು ಒಡೆದು ಕ್ಲೋರಿನ್ ಪರಮಾಣುವನ್ನು ಬಿಡಿಸುತ್ತದೆ.

ಅಲ್ಲಿರುವುದು ಓಜೋನ್, ಮೂರು ಆಮ್ಲಜನಕ ಪರಮಾಣುಗಳ ಅಣು. ಅದೇ ಅತಿನೇರಳೆ ಕಿರಣಗಳನ್ನು ತಡೆದು ನೆಲದ ಜೀವಿಗಳನ್ನು ಕಾಯುವ ಕೊಡೆ. ಕ್ಲೋರಿನ್ ಓಜೋನಿನಿಂದ ಒಂದು ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಸುತ್ತ ಅಲೆಯುವ ಇನ್ನೊಂದು ಒಂಟಿ ಆಮ್ಲಜನಕ ಬಂದಾಗ ಕಿತ್ತದ್ದನ್ನು ಅದಕ್ಕೆ ಕೊಟ್ಟು ತಾನು ಮತ್ತೆ ಬಿಡುಗಡೆಯಾಗುತ್ತದೆ. ಮತ್ತೊಂದು ಓಜೋನಿಗೆ ಕೈ ಹಾಕುತ್ತದೆ. ತಾನು ಸವೆಯದೆ ಹೀಗೆ ಒಂದು ಕ್ಲೋರಿನ್ ಪರಮಾಣು ಸುಮಾರು ಒಂದು ಲಕ್ಷ ಓಜೋನ್ ಅಣುಗಳನ್ನು ಮುರಿಯಬಲ್ಲದು. ಲಕ್ಷ ಕೋಟಿಯಲ್ಲಿ ಕೆಲವೇ ಪಾಲು ಎಂಬ ಸಮಾಧಾನ ಇಲ್ಲಿ ಮುರಿದುಬಿತ್ತು.

ಈ ಲೆಕ್ಕ 1974ರ ಜೂನ್‌ನಲ್ಲಿ ಅದೇ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ತಯಾರಕ ಕಂಪನಿಗಳು ಬರಿಯ ಊಹೆ ಎಂದವು. ಆದರೂ ಅಮೆರಿಕ 1978ರಲ್ಲಿ ಸಿಂಪಡಿಸುವ ಡಬ್ಬಿಗಳಲ್ಲಿ ಸಿಎಫ್‌ಸಿ ಬಳಕೆಯನ್ನು ಬಹುಮಟ್ಟಿಗೆ ನಿಲ್ಲಿಸಿತು. ರೋಲೆಂಡ್, ಮೊಲಿನಾ ಮತ್ತು ಓಜೋನ್ ಕುರಿತು ಮೊದಲೇ ಕೆಲಸ ಮಾಡಿದ್ದ ಪಾಲ್ ಕ್ರುಟ್ಜೆನ್ ಮೂವರಿಗೂ 1995ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಬೆಂಗಳೂರಿನಲ್ಲಿ ಓದಿದ ಹುಡುಗ

ಅದೇ ಅಂಕಿಯನ್ನು ಹಿಡಿದು ಇನ್ನೊಂದು ಪ್ರಶ್ನೆ ಕೇಳಿದವರು ನಮ್ಮವರೇ ಆದ ವೀರಭದ್ರನ್ ರಾಮನಾಥನ್. ತಮಿಳು ಮಾಧ್ಯಮದಲ್ಲಿ ಓದುತ್ತಿದ್ದ ಹುಡುಗ ಹನ್ನೊಂದನೇ ವಯಸ್ಸಿನಲ್ಲಿ ಮನೆಯವರೊಡನೆ ಬೆಂಗಳೂರಿಗೆ ಬಂದಾಗ ಪಾಠವೆಲ್ಲ ಇಂಗ್ಲಿಷಿನಲ್ಲಿತ್ತು. ತರಗತಿಯಲ್ಲಿ ಹಿಂದೆ ಬಿದ್ದ. ಮೇಷ್ಟರ ಪಾಠ ಅರ್ಥವಾಗದೆ ಎಲ್ಲವನ್ನೂ ತಾನೇ ಬಗೆಹರಿಸಿಕೊಳ್ಳುವ ಅಭ್ಯಾಸ ಬಂದದ್ದು ಆಗ ಎಂದು ಅವರೇ ಹೇಳಿಕೊಂಡಿದ್ದಾರೆ. ಎಂಜಿನಿಯರಿಂಗ್ ಓದಿದ ನಂತರ ಸಿಕಂದರಾಬಾದಿನಲ್ಲಿ ಫ್ರಿಜ್ ತಯಾರಿಕೆಯ ಕೆಲಸ. ಅಲ್ಲಿ ಅವರ ತಲೆನೋವು, ಸೋರಿಹೋಗುವ ಸಿಎಫ್‌ಸಿ! ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಅಮೆರಿಕಕ್ಕೆ ತೆರಳಿದರು.

ಈ ಅನಿಲ ಭೂಮಿಯ ಶಾಖವನ್ನೂ ಹಿಡಿದಿಡುತ್ತದೆಯೇ ಎಂದು ರಾಮನಾಥನ್ ಲೆಕ್ಕ ಹಾಕಿದರು. ಸಿಎಫ್‌ಸಿಯ ಒಂದು ಅಣು ಇಂಗಾಲದ ಡೈಆಕ್ಸೈಡಿನ ಹತ್ತು ಸಾವಿರ ಅಣುಗಳಿಗಿಂತ ಹೆಚ್ಚು ಶಾಖ ಹಿಡಿಯಬಲ್ಲದು ಎಂದು ಅವರು ತೋರಿಸಿದ್ದು 1975ರಲ್ಲಿ. ಭೂಮಿ ಬಿಸಿಯಾಗಲು ಇಂಗಾಲದ ಡೈಆಕ್ಸೈಡ್ ಒಂದೇ ಕಾರಣವಲ್ಲ ಎಂಬುದು ಆಗ ಬಹುಮಂದಿಗೆ ಹೊಸ ಮಾತು.

ರಂಧ್ರ, ಒಪ್ಪಂದ, ಕಾವಲು

ಊಹೆ ಎಂದವರ ಬಾಯಿ ಮುಚ್ಚಿಸಿದ್ದು 1985. ಬ್ರಿಟನ್ನಿನ ಜೋಸೆ಼ಫ್ ಫಾರ್ಮನ್, ಬ್ರಯಾನ್ ಗಾರ್ಡಿನರ್, ಜೋನಥನ್ ಷಾಂಕ್ಲಿನ್ ಅಂಟಾರ್ಕ್‌ಟಿಕದ ಹ್ಯಾಲಿ ಕೇಂದ್ರದ ಅಳತೆಗಳನ್ನು ಪ್ರಕಟಿಸಿದರು. ಅಲ್ಲಿ ವಸಂತ ಕಾಲವಾದ ಅಕ್ಟೋಬರಿನಲ್ಲಿ ನೆತ್ತಿಯ ಮೇಲಿನ ಓಜೋನ್ ಕೆಲವೇ ವರ್ಷಗಳಲ್ಲಿ ಸುಮಾರು ಮೂರನೇ ಒಂದು ಭಾಗ ಕುಸಿದಿತ್ತು. ಅಮೆರಿಕದ ಉಪಗ್ರಹವೂ ಅದನ್ನೇ ಅಳೆದಿತ್ತು. ಆದರೆ ಅಷ್ಟು ಕಡಿಮೆ ಅಂಕಿಗಳು ಅನುಮಾನದ ಪಟ್ಟಿ ಸೇರಿದ್ದವು. ಇಲ್ಲೂ ಅದೇ ಕಥೆ. ಅಂಕಿ ಕೈಯಲ್ಲಿತ್ತು, ಅರ್ಥ ಹೊಳೆದಿರಲಿಲ್ಲ.

ಕೆನಡಾದ ಮಾಂಟ್ರಿಯಲ್ ನಗರದಲ್ಲಿ 1987ರ ಸೆಪ್ಟೆಂಬರ್ 16ರಂದು ಸಿಎಫ್‌ಸಿ ತಯಾರಿಕೆ ಇಳಿಸುವ ಒಪ್ಪಂದವಾಯಿತು. ಆ ದಿನವೇ ಇಂದಿನ ಓಜೋನ್ ದಿನ. ಭಾರತ 1992ರಲ್ಲಿ ಸೇರಿತು. ಮುಂದೆ ಜಗತ್ತಿನ ಎಲ್ಲ ರಾಷ್ಟ್ರಗಳೂ ಒಪ್ಪಿದವು. ಗಾಳಿಯಲ್ಲಿ ಸಿಎಫ್‌ಸಿ-11ರ ಪ್ರಮಾಣ 1990ರ ದಶಕದಲ್ಲಿ ತುದಿ ಮುಟ್ಟಿ ಇಳಿಯತೊಡಗಿತು.

ಒಪ್ಪಂದಕ್ಕೆ ಸಹಿ ಹಾಕಿದರೆ ಮುಗಿಯಿತೇ? ಸಿಎಫ್‌ಸಿ-11 ಇಳಿಯಬೇಕಾದ ವೇಗದಲ್ಲಿ ಇಳಿಯುತ್ತಿಲ್ಲ, ಎಲ್ಲೋ ಯಾರೋ ಕದ್ದು ತಯಾರಿಸುತ್ತಿರಬೇಕು ಎಂದು 2018ರಲ್ಲಿ ಅಮೆರಿಕದ ವಿಜ್ಞಾನಿಗಳು ವರದಿ ಮಾಡಿದರು. ಅವರ ಕೈಯಲ್ಲಿದ್ದ ಸಾಧನಗಳಲ್ಲಿ ಲವ್‌ಲಾಕರ ಡಬ್ಬಿಯ ವಂಶದವೂ ಇದ್ದವು. ಮರುವರ್ಷ ಕೊರಿಯಾ, ಜಪಾನುಗಳಲ್ಲಿನ ಅಳತೆಗಳು ಪೂರ್ವ ಚೀನಾದತ್ತ ಬೊಟ್ಟು ಮಾಡಿದವು. ಆಮೇಲೆ ಅಲ್ಲಿನ ಸೋರಿಕೆ ತಗ್ಗಿತೆಂದು 2021ರಲ್ಲಿ ಪ್ರಕಟವಾಯಿತು. ಗಾಳಿಗೆ ಬಿಟ್ಟದ್ದನ್ನು ಬಚ್ಚಿಡಲಾಗದು ಎಂಬುದೇ ಈ ಒಪ್ಪಂದದ ಬಲ. ಹೀಗೆಯೇ ನಡೆದರೆ ಅಂಟಾರ್ಕ್‌ಟಿಕದ ಓಜೋನ್ ಸುಮಾರು 2066ರ ಹೊತ್ತಿಗೆ 1980ರ ಮಟ್ಟಕ್ಕೆ ಮರಳಬಹುದೆಂದು ವಿಶ್ವಸಂಸ್ಥೆಯ ತಜ್ಞರ ಅಂದಾಜು. ಇಂದು ಪ್ರೌಢಶಾಲೆಯಲ್ಲಿರುವವರು ಆಗ ಅಜ್ಜ ಅಜ್ಜಿಯರಾಗಿರುತ್ತಾರೆ.

ಲವ್‌ಲಾಕ್ 2022ರ ಜುಲೈ 26ರಂದು, ತಮ್ಮ 103ನೇ ಹುಟ್ಟುಹಬ್ಬದ ದಿನವೇ, ತೀರಿಕೊಂಡರು.

ಥರ್ಮಾಮೀಟರು ಜ್ವರ ಎಷ್ಟಿದೆ ಎಂದು ಹೇಳುತ್ತದೆ, ಏಕೆ ಬಂತು ಎಂದು ಹೇಳುವುದಿಲ್ಲ. ಉಪಕರಣ ಎಷ್ಟೇ ಸೂಕ್ಷ್ಮವಾಗಿದ್ದರೂ ಅದು ಉತ್ತರಿಸುವುದು ‘ಎಷ್ಟು?’ ಎಂಬ ಒಂದೇ ಪ್ರಶ್ನೆಗೆ. ‘ಎಲ್ಲಿಂದ ಬಂತು? ಎಲ್ಲಿಗೆ ಹೋಗುತ್ತದೆ? ಮುಂದೇನು?’ ಎಂದು ಕೇಳಬೇಕಾದವರು ಮನುಷ್ಯರು. ಲವ್‌ಲಾಕರ ಅಂಕಿಯಿಲ್ಲದಿದ್ದರೆ ರೋಲೆಂಡರ ಪ್ರಶ್ನೆ ಹುಟ್ಟುತ್ತಿರಲಿಲ್ಲ. ರೋಲೆಂಡರ ಪ್ರಶ್ನೆಯಿಲ್ಲದಿದ್ದರೆ ಆ ಅಂಕಿ ಯಾವುದೋ ಪತ್ರಿಕೆಯ ಮೂಲೆಯಲ್ಲಿ ಉಳಿದುಬಿಡುತ್ತಿತ್ತು.

ವಿದ್ಯಾರ್ಥಿಗಳು ಪ್ರಯೋಗದ ಪುಸ್ತಕದಲ್ಲಿ ಅಳತೆ ಬರೆದು ಅಡಿಗೆರೆ ಎಳೆಯುವ ಮೊದಲು ಇದನ್ನೊಮ್ಮೆ ನೆನೆಯಲಿ. ಹೆತ್ತವರೂ ಅಷ್ಟೇ. ಮಗುವಿನ ಅಂಕಪಟ್ಟಿಯಲ್ಲಿರುವುದೂ ‘ಎಷ್ಟು’ ಎಂಬುದಕ್ಕೆ ಉತ್ತರ ಮಾತ್ರ. ಮಗು ಏನು ಕೇಳುತ್ತಿದೆ ಎಂಬುದು ಅದರಲ್ಲಿ ಇರುವುದಿಲ್ಲ. ನಾಳೆ ಅದು ‘ಎರಡು ತಂತಿ ಏಕೆ?’ ಎಂದು ಕೇಳಿದರೆ ‘ಸುಮ್ಮನೆ ಓದಿಕೋ’ ಎನ್ನಬೇಡಿ. ಉತ್ತರ ಗೊತ್ತಿಲ್ಲದಿದ್ದರೆ ಹತ್ತಿರದ ಗ್ರಂಥಾಲಯದ ದಾರಿ ತೋರಿಸಿ.